ರೈಲು ಹತ್ತಿ ಹೋದ ಬಾಗಿನ

ಅತ್ತಿಗುಂಡಿಯ ಪರಮೇಶ್ವರಪ್ಪನ ಮುತ್ತಜ್ಜ ಹೇರೆತ್ತಿನ ಚನ್ನಬಸಪ್ಪ. ಗಿರಿಯ ಮೇಲಿನ ತೋಟಗಳ ಕಾಫಿಯನ್ನು ಎತ್ತಿನ ಬೆನ್ನಿಗೆ ಹೇರಿ ಚಿಕ್ಕಮಗಳೂರಿಗೆ ಇಳಿಸುತ್ತಿದ್ದವನು. ಒಮ್ಮೆ ಕವಿಕಲ್ ಗಂಡಿಯಲ್ಲಿ ಮಂಜು ಕವಿದು, ಹಿಂದಿನ ಎತ್ತಿಗೆ ಮುಂದಿನ ಎತ್ತಿನ ಬಾಲ ಕಾಣದೇ ಹೋದಾಗ, ಮುಂದಾಳು ಎತ್ತಿನ ಕೊರಳ ಗಂಟೆಯ ಸದ್ದೊಂದನ್ನೇ ನಂಬಿ ಇಡೀ ಹಿಂಡನ್ನು ಕಣಿವೆಗೆ ಬೀಳದ ಹಾಗೆ ಇಳಿಸಿದನಂತೆ. ಒಂದು ಮೂಟೆ ಕೂಡ ಜಾರಲಿಲ್ಲ ಅಂತ ಹಳಬರು ಹೇಳುತ್ತಿದ್ದರು.

ಅವನ ಮಗ ಸಿದ್ದಪ್ಪಜ್ಜ. ಕಡೂರಿಗೆ ರೈಲು ಬಂದಿದೆಯಂತೆ, ಕಬ್ಬಿಣದ ಮನೆ ತಾನಾಗಿಯೇ ಓಡುತ್ತದಂತೆ ಅಂತ ಸಂತೆಯಲ್ಲಿ ಕೇಳಿದ್ದೇ ತಡ, ಬುತ್ತಿ ಕಟ್ಟಿಸಿಕೊಂಡು ಗಿರಿಯಿಂದ ಕಡೂರಿಗೆ ನಡೆದೇ ಹೋದ. ನಿಂತಿದ್ದ ರೈಲನ್ನು ಬಲಗೈಯಲ್ಲಿ ಮುಟ್ಟಿದ. ಮುಟ್ಟಿ, ಹತ್ತದೆ, ಬಂದ ದಾರಿಯಲ್ಲೇ ವಾಪಸು ಬಂದ. ಊರವರೆಲ್ಲ ಆ ಕೈಯನ್ನು ಹಿಡಿದು ನೋಡಿದರು. "ಅಷ್ಟು ದೂರ ಹೋದವನು ಹತ್ತಬಾರದಿತ್ತಾ ಮಾರಾಯ?" ಅಂದರೆ, "ಹತ್ತೋಕೆ ನನಗೆ ಆ ಕಡೆ ಯಾರು ನೆಂಟರಿದ್ದಾರೆ?" ಅಂದನಂತೆ. ಅಂದಿನಿಂದ ಆ ಮನೆಗೆ 'ರೈಲು ಮುಟ್ಟಿದೋರ ಮನೆ' ಅಂತಲೇ ಹೆಸರು ನಿಂತಿತು.

ಸಿದ್ದಪ್ಪಜ್ಜನ ಮಗ ನಂಜುಂಡಪ್ಪ. ಬಂಡೆ ಸೀಳಿ, ಜರಿಯ ಕಡಿದಾದ ಇಳಿಜಾರಿನ ಮೇಲೆ ಮಣ್ಣು ಹೊತ್ತು ಹಾಕಿ ಮೂರೆಕರೆ ಕಾಫಿ ಎಬ್ಬಿಸಿದವನು. ಆ ತೋಟ ಎಷ್ಟು ಗಟ್ಟಿಯೋ ಅವನ ಮಾತೂ ಅಷ್ಟೇ ಗಟ್ಟಿ. ಒಂದು ಸಲ ಬಾಯಿಂದ ಬಿತ್ತು ಅಂದರೆ ಬಂಡೆಗೆ ಹೊಡೆದ ಗೂಟ. ಕೀಳಲು ಅವನಿಗೂ ಆಗುತ್ತಿರಲಿಲ್ಲ.

ಇಂಥವರ ವಂಶದಲ್ಲಿ ಹುಟ್ಟಿದ ಪರಮೇಶ್ವರಪ್ಪ ಮಾಡಿದ್ದೇನು ಅಂದರೆ ಡಂಗುರ ಹೊಡೆಸುವಂಥದ್ದೇನಿಲ್ಲ. ತಂದೆಯ ಮೂರೆಕರೆಯನ್ನು ಮೂರೆಕರೆಯಾಗಿಯೇ ಉಳಿಸಿಕೊಂಡ. ಯಾರ ಬೇಲಿಯನ್ನೂ ಒತ್ತಲಿಲ್ಲ. ಯಾರ ಹತ್ತಿರವೂ ಕೈ ಚಾಚಲಿಲ್ಲ; ಬೇರೆಯವರು ತಾವಾಗಿ ಚಾಚಿದ ಕೈಯನ್ನೂ ಹಿಡಿಯಲಿಲ್ಲ. ಅದನ್ನು ಅವನು ದೊಡ್ಡ ಗುಣ ಅಂದುಕೊಂಡಿದ್ದ. ಇನ್ನು ದೋಷ ಅಂತ ಇದ್ದದ್ದು ಒಂದೇ. ಕಷ್ಟದ ಕೆಲಸ ಎದುರಿಗೆ ಬಂದರೆ ಅವನ ನಾಲಗೆಗೆ 'ನಾಳೆ' ಅನ್ನುವ ಮಾತು ಬಹಳ ಸಲೀಸಾಗಿ ಬರುತ್ತಿತ್ತು.

ಅವನಿಗೆ ಒಬ್ಬಳೇ ತಂಗಿ, ಸರ್ವಮಂಗಳಾ. ಮನೆಯಲ್ಲಿ ಮಂಗಳಾ. ಅಣ್ಣನಿಗಿಂತ ಹನ್ನೆರಡು ವರ್ಷ ಚಿಕ್ಕವಳು. ಅವನ ಬೆನ್ನ ಮೇಲೆ ಕೂತೇ ತೋಟ ಸುತ್ತಿದವಳು, ಅವನ ಕಿವಿ ಹಿಂಡಿಯೇ ದಾರಿ ಹೇಳಿದವಳು. ಎಪ್ಪತ್ತೊಂಬತ್ತರ ಮಳೆಗಾಲದಲ್ಲಿ, ಅಳತೆ ಕೆಲಸಕ್ಕೆ ಅಂತ ಗಿರಿಗೆ ಬಂದಿದ್ದ ಮೈಸೂರಿನ ಹುಡುಗನೊಬ್ಬ ಮಳೆಗೆ ಸಿಕ್ಕಿ ಇವರ ಜಗಲಿಯ ಅಂಚಿನಲ್ಲಿ ನಿಂತ. ಪರಮೇಶ್ವರಪ್ಪನೇ ಒಳಗಿಂದ ಕೊಡೆ ತಂದು ಕೊಟ್ಟ. ಕೊಡೆಗೆ ಈ ಕಡೆ ಒಂದು ಕಟ್ಟಳೆಯಿದೆ. ಮಳೆಯಲ್ಲಿ ನಿಂತವನಿಗೆ ಕೊಡೆ ಇಲ್ಲ ಅನ್ನಬಾರದು. ಒಯ್ದವನು ಅದನ್ನು ಇನ್ನೊಬ್ಬರ ಕೈಯಲ್ಲಿ ಕಳಿಸಬಾರದು, ತಾನೇ ತಂದುಕೊಡಬೇಕು. ತಂದವನನ್ನು ಕಾಫಿ ಕೊಡದೆ ಕಳಿಸಬಾರದು. ಹುಡುಗ ಕಟ್ಟಳೆ ತಪ್ಪಲಿಲ್ಲ. ಕೊಡೆ ತಂದುಕೊಟ್ಟ. ಕಾಫಿ ಕೊಟ್ಟವಳು ಮಂಗಳಾ. ಮತ್ತೆ ಮಳೆ ಬಂತು, ಮತ್ತೆ ಕೊಡೆ ಹೋಯಿತು, ಮತ್ತೆ ಕಾಫಿ ಆಯಿತು. ಅತ್ತಿಗುಂಡಿಯಲ್ಲಿ ಮಳೆಗೇನು ಬರವೇ? ಸುಗ್ಗಿಯ ಹೊತ್ತಿಗೆ ಮಂಗಳಾ ಆ ಹುಡುಗನ ಜೊತೆ ಮೈಸೂರು ಸೇರಿ ಅಲ್ಲೇ ಮದುವೆಯಾದಳು.

ಹುಡುಗನ ಜಾತಿ ಬೇರೆ. ನಂಜುಂಡಪ್ಪ ಕೂಗಾಡಲಿಲ್ಲ. ಜಗಲಿಯಲ್ಲಿ ಕೂತು ಎರಡೇ ಮಾತು ಆಡಿದ. "ಒಂದು ಕೊಡೆ ಕೊಟ್ಟು ಮಗಳನ್ನು ಕಳಕೊಂಡ ಮನೆ ನಮ್ಮದೊಂದೇ ಇರಬೇಕು. ಇನ್ನು ಈ ಹೊಸಿಲು ದಾಟಿ ಆ ಕಡೆಗೆ ಒಂದು ವೀಳ್ಯದೆಲೆಯೂ ಹೋಗಬಾರದು." ಗೂಟ ಹೊಡೆದಾಯಿತು.

ಗೌರಿ ಹಬ್ಬಕ್ಕೆ ಕೊಟ್ಟ ಹೆಣ್ಣಿಗೆ ತವರಿನಿಂದ ಬಾಗಿನ ಹೋಗಬೇಕು. ಅದನ್ನು ಅಣ್ಣನೋ ತಮ್ಮನೋ ಕೈಯಾರೆ ಒಯ್ಯಬೇಕು. ತಾಯಿ ಗಿರಿಜಾಂಬಾ ಗಂಡನ ಮಾತು ಮೀರಲಿಲ್ಲ. ಹಾಗಂತ ತನ್ನ ಕೈಯನ್ನು ಕಟ್ಟಿಹಾಕಿಕೊಳ್ಳಲೂ ಇಲ್ಲ. ಪ್ರತಿ ಗೌರಿಗೂ ಎರಡು ಸಣ್ಣ ಮೊರ ತೊಳೆದು, ಅರಿಶಿನ ಬಳಿದು, ಒಂದರಲ್ಲಿ ಅಕ್ಕಿ, ಬೇಳೆ, ಬೆಲ್ಲದಚ್ಚು, ಹಸಿರು ಬಳೆ, ಬಾಚಣಿಗೆ, ಕನ್ನಡಿ, ರವಿಕೆ ಕಣ ಇಟ್ಟು, ಇನ್ನೊಂದನ್ನು ಮೇಲೆ ಮುಚ್ಚಿ, ತನ್ನ ಹಳೇ ಸೀರೆಯ ತುಂಡಿನಲ್ಲಿ ಗಂಟು ಹಾಕಿ, ಒಲೆಯ ಹೊಗೆಯಾಡುವ ಅಟ್ಟದ ಮೇಲೆ ಇಡುವಳು. ಮುಂದಿನ ಗೌರಿಗೆ ಅದನ್ನು ಇಳಿಸಿ, ಹಳೆಯ ಅಕ್ಕಿಬೇಳೆಯನ್ನು ದನಕ್ಕೆ ಹಾಕಿ, ಹೊಸದು ತುಂಬಿ ಮತ್ತೆ ಅಟ್ಟಕ್ಕೇರಿಸುವಳು. ನಂಜುಂಡಪ್ಪ ಅಟ್ಟದ ಕಡೆ ತಲೆ ಎತ್ತುತ್ತಿರಲಿಲ್ಲ. ನೋಡಿದರೆ ಕೇಳಬೇಕಾಗುತ್ತದಲ್ಲ.

ತೊಂಬತ್ಮೂರರಲ್ಲಿ ನಂಜುಂಡಪ್ಪ ತೀರಿಕೊಂಡ. ಆ ವರ್ಷದ ಗೌರಿಗೆ ಗಿರಿಜಾಂಬಾ ಗಂಟನ್ನು ಅಟ್ಟಕ್ಕೆ ಏರಿಸಲಿಲ್ಲ, ಮಗನ ಮುಂದೆ ಇಟ್ಟಳು.

"ಇನ್ನು ತಡೆಯೋರು ಯಾರೂ ಇಲ್ಲ. ತಗೊಂಡು ಹೋಗು ಮಗಾ."

"ಹೋಗ್ತೇನೆ ಅವ್ವ. ಈ ವರ್ಷ ಮಳೆ ಜಾಸ್ತಿ, ದಾರಿ ಬೇರೆ ಕುಸಿದಿದೆ. ಬರೋ ವರ್ಷ."

ಬರುವ ವರ್ಷ ತೋಟಕ್ಕೆ ಕೊಳೆ ಬಿತ್ತು. ಅದರ ಮರುವರ್ಷ ಅವನಿಗೇ ಸೊಂಟ ಹಿಡಿಯಿತು. ಆಮೇಲೆ ಮಗಳ ಮದುವೆ. ನೆಪಕ್ಕೇನು, ಮಳೆಗಾಲದ ಅಣಬೆ, ಹುಡುಕಿದಲ್ಲೆಲ್ಲ ಏಳುತ್ತದೆ. ಒಳಗಿದ್ದದ್ದು ಬೇರೆ. ಬಾಗಿಲಲ್ಲಿ ನಿಂತಾಗ ಮಂಗಳಾ, "ಇಷ್ಟು ದಿನ ಎಲ್ಲಿದ್ದೆ ಅಣ್ಣ?" ಅಂತ ಒಂದೇ ಒಂದು ಮಾತು ಕೇಳಿದರೆ ಏನು ಹೇಳುವುದು? ತಂದೆಯ ಗೂಟ ಕಿತ್ತುಹೋಗಿತ್ತು. ಈಗ ಆ ತೂತಿನಲ್ಲಿ ಮಗನ ನಾಚಿಕೆ ಬೇರು ಬಿಟ್ಟಿತ್ತು.

ಎರಡು ಸಾವಿರದ ಎರಡರ ಗೌರಿಗೂ ಗಿರಿಜಾಂಬಾ ಗಂಟು ಕಟ್ಟಿದಳು. ಕಣ್ಣು ಮಸುಕಾಗಿತ್ತು, ಬೆರಳು ನಡುಗುತ್ತಿತ್ತು, ಗಂಟು ಸೊಟ್ಟಗೆ ಬಿತ್ತು. ಕಾಫಿ ಕೊಯ್ಲಿನ ನಡುವೆ, ಒಂದು ಮಧ್ಯಾಹ್ನ ಕಣದ ಮೂಲೆಯಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತ ಕೂತವಳು ಕೂತಲ್ಲೇ ಹೋದಳು. ಮೈಸೂರಿಗೆ ಸುದ್ದಿ ಕಳಿಸಬೇಕು ಅಂತ ನೆಂಟರು ಹೇಳಿದರು. "ನಾನೇ ಹೋಗಿ ಹೇಳ್ತೇನೆ" ಅಂದ ಪರಮೇಶ್ವರಪ್ಪ. ಅದನ್ನೂ ನಾಳೆಗೆ ಹಾಕಿದ. ತಾಯಿ ಬದುಕಿದ್ದಾಗ ಹೋಗದವನು ಅವಳ ಸಾವು ಹೊತ್ತು ಯಾವ ಮುಖ ಇಟ್ಟುಕೊಂಡು ಹೋಗುವುದು?

ಆದರೆ ಅಟ್ಟದ ಮೇಲೆ ಆ ಸೊಟ್ಟ ಗಂಟು ಹಾಗೇ ಕೂತಿತ್ತು. ಇನ್ನು ಅದನ್ನು ಬಿಚ್ಚಿ ಹೊಸದು ತುಂಬುವ ಕೈ ಇಲ್ಲ. ಮರುವರ್ಷದ ಗೌರಿ ಹತ್ತಿರ ಬಂದಾಗ ಪರಮೇಶ್ವರಪ್ಪ ಏಣಿ ಹಾಕಿ ಅದನ್ನು ಇಳಿಸಿದ. ಬೇಳೆಗೆ ಹುಳ ಬಿದ್ದಿರಬಹುದು ಅಂತ ಹೆಂಡತಿ ಸರೋಜಮ್ಮ ಬಿಚ್ಚಲು ಹೋದರೆ, ಬಿಡಲಿಲ್ಲ.

"ಅವ್ವ ಹಾಕಿದ ಗಂಟು. ಬಿಚ್ಚೋದಾದ್ರೆ ಮಂಗಳಾ ಬಿಚ್ಚಲಿ. ನಾನು ಬಾಯಿ ತೆಗೆಯೋದೇ ಬೇಡ, ಇದನ್ನು ಕೈಯಲ್ಲಿ ಇಟ್ರೆ ಸಾಕು. ಎಲ್ಲ ಅವಳಿಗೇ ಗೊತ್ತಾಗ್ತದೆ."

ಗಂಟನ್ನು ಅಲುಗದಂತೆ ಒಯ್ಯಲು ಒಂದು ಚೀಲ ಬೇಕಿತ್ತು. ಗಿರಿ ಹತ್ತಲು ಬರುವ ಪೇಟೆ ಹುಡುಗರಲ್ಲಿ ಒಬ್ಬ, ಪಟ್ಟಿ ಹರಿಯಿತು ಅಂತ ಬೆನ್ನಿಗೆ ಹಾಕುವ ದೊಡ್ಡ ಚೀಲವೊಂದನ್ನು ಇವರ ಜಗಲಿಯಲ್ಲೇ ಬಿಟ್ಟುಹೋಗಿದ್ದ. ಪರಮೇಶ್ವರಪ್ಪ ಗೋಣಿ ಹೊಲಿಯುವ ದಬ್ಬಣದಿಂದ ಪಟ್ಟಿ ಹೊಲಿದು, ಕೆಳಗೆ ಪಂಚೆ ಹಾಸಿ, ಅದರ ಮೇಲೆ ಬಾಗಿನ ಕೂರಿಸಿ, ಸುತ್ತ ಕಾಫಿಪುಡಿ, ಏಲಕ್ಕಿ, ಒಂದು ಬಾಟ್ಲಿ ಜೇನು ತುರುಕಿದ. ಬೆನ್ನಿಗೆ ಏರಿಸಿ ನಿಂತಾಗ ಸರೋಜಮ್ಮನಿಗೆ ನಗು ತಡೆಯಲಿಲ್ಲ.

"ನಿಮ್ಮ ಮುತ್ತಜ್ಜ ಎತ್ತಿನ ಮೇಲೆ ಹೇರಿದ್ರು. ಈಗ ಎತ್ತೂ ನೀವೇ, ಯಜಮಾನ್ರೂ ನೀವೇ."

"ನಗು ನಗು. ಎತ್ತು ಆದ್ರೇನು, ಮನೆ ಮುಟ್ಟಿಸಿದ್ರಾಯ್ತು."

"ರುದ್ರೇಶನನ್ನು ಜೊತೆಗೆ ಕರ್ಕೊಂಡು ಹೋಗಿ. ಅವನಿಗೆ ಮೈಸೂರು ಗೊತ್ತು."

ರುದ್ರೇಶ್ ಅಂದರೆ ಊರಿಂದ ಚಿಕ್ಕಮಗಳೂರಿಗೆ ಹೋಗುವ ಬಸ್ಸಿನ ಕಂಡಕ್ಟರು, ದೂರದ ನೆಂಟ.

"ತಂಗಿ ಮನೆಗೆ ಹೋಗೋಕೆ ನನಗೆ ಕಂಡಕ್ಟರ್ ಬೇಕಾ?" ಅಂದು ಒಬ್ಬನೇ ಹೊರಟ.

ಆ ಬಸ್ಸಿನ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು, ಮುಂದೆ ಆದದ್ದಕ್ಕೆಲ್ಲ ಅದೇ ಮೂಲ. ಗಿರಿಯ ಬಸ್ಸಿನಲ್ಲಿ ಸೀಟಿನ ಮೇಲೆ ಟವೆಲ್ಲೋ ಕೊಡೆಯೋ ಚೀಲವೋ ಇಟ್ಟರೆ ಅದು ಮನುಷ್ಯನೇ ಕೂತ ಲೆಕ್ಕ. ಚೀಲದ ಯಜಮಾನ ಬರುವವರೆಗೆ ಬಸ್ಸು ಕದಲುವುದಿಲ್ಲ. ಒಮ್ಮೆ ಪರಮೇಶ್ವರಪ್ಪ ಚಿಕ್ಕಮಗಳೂರು ಸ್ಟ್ಯಾಂಡಿನಲ್ಲಿ ಸೀಟಿಗೆ ಟವೆಲ್ಲು ಹಾಕಿ, ಬೆಲ್ಲ ತರಲು ಇಳಿದವನು, ಹಾಗೇ ದಾರಿಯಲ್ಲಿ ಸಿಕ್ಕ ಕ್ಷೌರದಂಗಡಿಯಲ್ಲಿ ಕೂತು ಗಡ್ಡವನ್ನೂ ಹೆರೆಸಿಕೊಂಡು ಬಂದಿದ್ದ. ಬಸ್ಸಿನ ತುಂಬ ಜನ, ಒಳಗಿದ್ದವರೆಲ್ಲ ಅವನಿಗೆ ಬೈದರು. "ಮದುಮಗ ಬಂದ, ಆರತಿ ತನ್ರೋ" ಅಂತ ರುದ್ರೇಶ್ ಕೂಗಿದ. ಆದರೆ ಬಿಟ್ಟು ಹೋಗಬಹುದಿತ್ತು ಅಂತ ಮಾತ್ರ ಒಬ್ಬರ ಬಾಯಲ್ಲೂ ಬರಲಿಲ್ಲ. ಟವೆಲ್ಲು ಇತ್ತಲ್ಲ!

ಹಬ್ಬದ ಹಿಂದಿನ ಸಂಜೆ ಕಡೂರು ತಲುಪಿ, ಸ್ಟೇಷನ್ನಿನ ಬೆಂಚಿನ ಮೇಲೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡೇ ರಾತ್ರಿ ಕಳೆದ. ಬೆಳಗಿನ ಜಾವ ಮೈಸೂರಿನ ರೈಲು ಬಂತು. ಹತ್ತುವ ಮೊದಲು, ಯಾರೂ ನೋಡುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು ಬಲಗೈಯಿಂದ ಅದನ್ನು ಒಮ್ಮೆ ಮುಟ್ಟಿದ. ತಣ್ಣಗಿತ್ತು, ಇಬ್ಬನಿ ಹಿಡಿದಿತ್ತು. ಆಮೇಲೆ ಹತ್ತಿದ. ಆ ಮನೆಯಲ್ಲಿ ರೈಲು ಹತ್ತಿದ ಮೊದಲಿಗ ಅವನೇ.

ಕಿಟಕಿ ಪಕ್ಕ ಜಾಗ ಸಿಕ್ಕಿತು. ಎದುರು ಸೀಟಿನ ಕಾಲೇಜು ಹುಡುಗಿ ಅವನ ಚೀಲ ನೋಡಿ ಕೇಳಿದಳು: "ಅಂಕಲ್, ಟ್ರೆಕ್ಕಿಂಗಿಗೆ ಹೊರಟ್ರಾ?"

"ಹೌದಮ್ಮ. ಗಿರಿ ಇಳಿಯೋ ಟ್ರೆಕ್ಕಿಂಗು."

ಹುಡುಗಿ ನಕ್ಕಳು. ಅವನಿಗೂ ಹುಮ್ಮಸ್ಸು ಬಂತು. ಹೊರಗೆ ಬಯಲು ತೆರೆದುಕೊಂಡಿತು. ಗಿರಿಯಲ್ಲಿ ಕಣ್ಣು ಹತ್ತು ಮಾರು ಹೋದರೆ ಎದುರಿಗೆ ಗುಡ್ಡ ಬಂದು ತಡೆಯುತ್ತದೆ. ಇಲ್ಲಿ ನೋಟ ಎಷ್ಟು ಬಿಟ್ಟರೂ ಬಿಚ್ಚಿಕೊಳ್ಳುತ್ತಲೇ ಇತ್ತು. ತೆಂಗಿನ ಸಾಲು, ರಾಗಿ ಹೊಲ, ಕೆರೆ ಏರಿಯ ಮೇಲೆ ಕುರಿಗಳು. 'ಇಷ್ಟೇನಾ ದಾರಿ?' ಅನ್ನಿಸಿತು ಅವನಿಗೆ. ಸುಮ್ಮನೆ ಕೂತರೆ ಸಾಕು, ರೈಲೇ ಒಯ್ಯುತ್ತದೆ. ಇಷ್ಟು ಸುಲಭದ ದಾರಿಗೆ ಅವ್ವನನ್ನು ಅಷ್ಟು ವರ್ಷ ಕಾಯಿಸಿದೆನಲ್ಲ. ಅವಳನ್ನೇ ಕರೆದುಕೊಂಡು ಹೋಗಬಹುದಿತ್ತಲ್ಲ. ಚೀಲದ ಮೇಲೆ ಕೈಯಿಟ್ಟು, ಮುಚ್ಚಳದ ಬಟ್ಟೆಯ ಮೇಲಿಂದಲೇ ಆ ಸೊಟ್ಟ ಗಂಟನ್ನು ಸವರಿದ.

ಅರಸೀಕೆರೆಯಲ್ಲಿ ರೈಲು ನಿಂತಿತು. ಜನ ಇಳಿದರು, ಹತ್ತಿದರು, ಹುಡುಗಿಯೂ ಇಳಿದುಹೋದಳು. ಎದ್ದಾಗಿನಿಂದ ಹೊಟ್ಟೆಗೆ ಕಾಫಿ ಬಿದ್ದಿರಲಿಲ್ಲ. ಕಾಫಿ ಬೆಳೆಯುವವನಿಗೆ ಕಾಫಿ ಇಲ್ಲದ ಬೆಳಗು ಎಂಥದು ಅಂತ ಬೇರೆಯವರಿಗೆ ಹೇಳಿ ತಿಳಿಸುವುದು ಕಷ್ಟ. ಪ್ಲಾಟ್‌ಫಾರಂ ಮೇಲೆ, ಸ್ವಲ್ಪ ದೂರದಲ್ಲಿ, ಕೆಟಲಿನಿಂದ ಹಬೆ ಏಳುತ್ತಿತ್ತು. ಪರಮೇಶ್ವರಪ್ಪ ಎದ್ದ. ಚೀಲವನ್ನು ಬೆನ್ನಿಗೆ ಏರಿಸಲು ಹೋಗಿ ತಡೆದ. ಎರಡು ಗಳಿಗೆಗೆ ಯಾಕೆ ಬಾಗಿನ ಅಲುಗಿಸುವುದು? ಸೀಟು ಬೇರೆ ಯಾರಾದರೂ ಹಿಡಿದಾರು. ಚೀಲವನ್ನು ಸೀಟಿನ ನಟ್ಟನಡುವೆ ಕೂರಿಸಿ, ಮೇಲೆ ಟವೆಲ್ಲನ್ನೂ ಹೊದಿಸಿ ನಿಶ್ಚಿಂತೆಯಿಂದ ಇಳಿದ.

ಕಾಫಿ ಚಿಕೋರಿಯ ಕಷಾಯ. ಮಾರುವವನಿಗೆ ಅದನ್ನು ಹೇಳದೆ ಇರಲು ಅವನಿಂದ ಆಗಲಿಲ್ಲ.

"ಇದಕ್ಕೆ ಕಾಫಿ ಬೀಜ ತೋರಿಸಿದ್ದೀಯಾ, ಇಲ್ಲಾ ಬರೀ ಅದರ ಸುದ್ದಿ ಹೇಳಿದ್ದೀಯಾ?"

"ಕುಡೀರಿ ಯಜಮಾನ್ರೇ, ಬಿಸಿ ಇದೆಯಲ್ಲ."

ಅಷ್ಟರಲ್ಲಿ ಹಿಂದೆ ಕಬ್ಬಿಣ ಕಿರುಗುಟ್ಟಿತು. ತಿರುಗಿ ನೋಡಿದರೆ ರೈಲು ಹೊರಟಿದೆ. ಪರಮೇಶ್ವರಪ್ಪ ಮೊದಲು ಓಡಲಿಲ್ಲ. ಅದೇ ಅವನು ಮಾಡಿದ ತಪ್ಪು. ಕೈಯೆತ್ತಿ, ಗಿರಿಯ ಬಸ್ಸಿಗೆ ಕೂಗುವ ಹಾಗೆ ಕೂಗಿದ. "ಏಯ್, ನಿಲ್ಸು ಮಾರಾಯ! ನನ್ನ ಚೀಲ ಇದೆ ಒಳಗೆ!"

ರೈಲು ನಿಲ್ಲಲಿಲ್ಲ. ಅವನ ಬೋಗಿ ಮುಂದೆ ಸಾಗಿ, ಬೇರೆ ಬೋಗಿಗಳು ಒಂದೊಂದಾಗಿ ಎದುರಿಗೆ ಹಾದುಹೋದವು. ಆಗ ಓಡಿದ. ಲೋಟ ಬಿತ್ತು. ಕೊನೆಯ ಬೋಗಿಯೂ ಪ್ಲಾಟ್‌ಫಾರಂ ದಾಟಿತು. ಉಸಿರು ಕಟ್ಟಿ ನಿಂತವನ ಹತ್ತಿರ ಬಂದು ಕಾಫಿಯವನು ಮೆಲ್ಲಗೆ ಅಂದ: "ಹತ್ತಬೇಕಾದವರು ಹೇಳ್ಬಾರ್ದಾ? ನಾನು ಸುಮ್ನೆ ಕಾಫಿ ಕುಡಿಯೋಕೆ ಬಂದೋರು ಅಂದ್ಕೊಂಡೆ."

"ಚೀಲ ಇಟ್ಟಿದ್ದೆನಲ್ಲ..."

"ರೈಲಿಗೆ ಚೀಲ ಯಾವುದು, ಮನುಷ್ಯ ಯಾವುದು ಯಜಮಾನ್ರೇ?"

ಸ್ಟೇಷನ್ನಿನವರು ಒಳ್ಳೆಯವರು. ಮುಂದಿನ ಸ್ಟೇಷನ್ನಿಗೆ ಫೋನು ಮಾಡುತ್ತೇವೆ ಅಂದರು. ಬೋಗಿ ಯಾವುದು ಅಂತ ಕೇಳಿದರು.

"ನೀಲಿ ಬಣ್ಣದ್ದು."

"ಎಲ್ಲವೂ ನೀಲೀನೇ. ಚೀಲದಲ್ಲಿ ಏನಿತ್ತು?"

ಪರಮೇಶ್ವರಪ್ಪ ಬಾಯಿ ತೆರೆದ. ತಂಗಿಗೆ ಒಯ್ಯುತ್ತಿದ್ದ ಬಾಗಿನ, ತಾಯಿ ಕಟ್ಟಿದ್ದು ಅಂದರೆ, ತಾಯಿ ಎಲ್ಲಿ, ತಂಗಿ ಎಲ್ಲಿ, ಇಷ್ಟು ದಿನ ನೀನೆಲ್ಲಿ ಅಂತ ಮಾತು ಬೆಳೆಯುತ್ತದೆ. "ಏನಿಲ್ಲ. ಬಟ್ಟೆಬರೆ" ಅಂದ. ಬಟ್ಟೆಬರೆಗೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಆದರೂ ಅವರು ಫೋನು ಮಾಡಿದರು. ಹಿಂದೆ ಬಂದ ಪ್ಯಾಸೆಂಜರು ಗಾಡಿಗೆ ಹತ್ತಿಸಿ, ಮೈಸೂರಿನಲ್ಲಿ ವಿಚಾರಿಸಿ ಅಂತ ಹೇಳಿ ಕಳಿಸಿದರು.

ಆ ಗಾಡಿಯಲ್ಲಿ ಅವನು ಕಿಟಕಿಯ ಹೊರಗೆ ನೋಡಲಿಲ್ಲ. ಹಾಸನ ಹೋಯಿತು, ಹೊಳೆ ಹೋಯಿತು, ಗದ್ದೆ ಬಯಲು ಹೋಯಿತು. ಬೆನ್ನು ಹಗುರವಾಗಿತ್ತು. ಆ ಹಗುರವೇ ಅವನನ್ನು ಕುಗ್ಗಿಸಿತು.

ಮಧ್ಯಾಹ್ನ ಮೈಸೂರಿನಲ್ಲಿ ಇಳಿದಾಗ ಮೊದಲಿನ ರೈಲು ಯಾವಾಗಲೋ ಖಾಲಿಯಾಗಿ, ತೊಳೆಯಲು ಹೋಗಿತ್ತು. ವಿಚಾರಿಸಿದ, ಹುಡುಕಿಸಿದ. ಇಲ್ಲ ಅಂದರು. ಯಾರು ಒಯ್ದರೋ, ಎಲ್ಲಿ ಇಳಿಸಿದರೋ. ಹುಳ ಬಿದ್ದ ಬೇಳೆಯನ್ನು ನೋಡಿ ಯಾವ ಬಯಲಿನಲ್ಲಿ ಬಿಸಾಡಿದರೋ. ತಾಯಿಯ ಸೀರೆಯ ತುಂಡು ಯಾವ ಬೇಲಿಗೆ ಸಿಕ್ಕಿಕೊಂಡು ಗಾಳಿಗೆ ಆಡುತ್ತಿದೆಯೋ.

ಹೊರಗೆ ಬಂದ. ಮೈಸೂರು ಅಂದರೆ ಮಂಗಳೆಗೆ ಚಿಕ್ಕಂದಿನಿಂದ ಹುಚ್ಚು. ಅವನ ಬೆನ್ನ ಮೇಲೆ ಕೂತು, "ಅಣ್ಣ, ಅರಮನೆಗೆ ಎಷ್ಟು ಕಿಟಕಿ ಇರ್ತಾವೆ?" ಅಂತ ಕೇಳುತ್ತಿದ್ದಳು. "ಒಂದಿನ ಕರ್ಕೊಂಡು ಹೋಗ್ತೇನೆ, ನೀನೇ ಎಣಿಸು" ಅನ್ನುತ್ತಿದ್ದ. ಅರಮನೆಯ ಬೇಲಿಯ ಹೊರಗೆ ಬಹಳ ಹೊತ್ತು ನಿಂತ. ಕಿಟಕಿ ಎಣಿಸಲು ಮನಸ್ಸು ಬರಲಿಲ್ಲ. ದೊಡ್ಡ ಗಡಿಯಾರದ ಸುತ್ತ ಒಂದು ಸುತ್ತು ಬಂದ. ಬೀದಿಗಳು ಅಗಲ, ಮರಗಳು ಎತ್ತರ. ಹೊಸ ಸೀರೆಯುಟ್ಟ ಹೆಂಗಸರು ಮೊರ ಹಿಡಿದು ಮನೆಯಿಂದ ಮನೆಗೆ ಹೋಗುತ್ತಿದ್ದರು. ಅಣ್ಣಂದಿರು ಸ್ಕೂಟರಿನ ಮುಂದೆ ಹೂವಿನ ಬುಟ್ಟಿ ಇಟ್ಟುಕೊಂಡು ತಂಗಿಯರ ಮನೆ ಹುಡುಕುತ್ತಿದ್ದರು. ಊರಿಗೆ ಊರೇ ಒಂದು ಕೆಲಸದಲ್ಲಿ ತೊಡಗಿತ್ತು. ಅದೇ ಕೆಲಸಕ್ಕೆ ಬಂದ ಪರಮೇಶ್ವರಪ್ಪ ಮಾತ್ರ ಜೋಳಿಗೆ ಕಳೆದುಕೊಂಡ ಜಂಗಮನ ಹಾಗೆ ಬೀದಿ ಅಳೆಯುತ್ತಿದ್ದ.

ದೊಡ್ಡ ಮಾರ್ಕೆಟ್ಟಿನ ಬಾಗಿಲಲ್ಲಿ ಮೊರಗಳ ರಾಶಿಯೇ ಇತ್ತು. ಮಾರುತ್ತಿದ್ದವಳು ಬಾಯಿ ತುಂಬ ಎಲೆಯಡಿಕೆ ಹಾಕಿಕೊಂಡಿದ್ದ ಒಬ್ಬ ಮುದುಕಿ. ಪಕ್ಕದವಳು ಅವಳನ್ನು ಜವರಮ್ಮ ಅಂತ ಕರೆಯುತ್ತಿದ್ದಳು. ಅವನು ಒಂದು ಮೊರ ಎತ್ತಿದ, ಮೂಸಿದ, ಇಟ್ಟ. ಇನ್ನೊಂದು ಎತ್ತಿದ, ಇಟ್ಟ.

"ಏನಣ್ಣ, ಮೊರ ತಕ್ಕತ್ತೀಯೋ, ಹೆಣ್ಣು ನೋಡಕ್ಕೆ ಬಂದಿದ್ದೀಯೋ?"

"ಹೊಗೆ ವಾಸನೆ ಇಲ್ಲ ಇದಕ್ಕೆ."

"ಹೊಸಾ ಮೊರಕ್ಕೆ ಹೊಗೆ ಎಲ್ಲಿಂದ ಬತ್ತದೆ? ಯಾರಿಗೆ, ತಂಗೀಗಾ?"

"ಹ್ಞೂಂ."

"ಬರಿಗೈಲಿ ಬಂದ್ಯಾ ಊರಿಂದ?"

ಎಲ್ಲರೆದುರೂ ಮುಚ್ಚಿಟ್ಟದ್ದು ಆ ಅಪರಿಚಿತಳ ಮುಂದೆ ಹೇಗೋ ಹೊರಬಿತ್ತು. ಎಲ್ಲ ಅಲ್ಲ, ಅರ್ಧ. ತಾಯಿ ಕಟ್ಟಿದ ಬಾಗಿನ ತರುತ್ತಿದ್ದೆ, ರೈಲಿನಲ್ಲಿ ಹೋಯಿತು ಅಂದ. ಜವರಮ್ಮ ಎಲೆಯಡಿಕೆ ಉಗಿದು ಬಂದು, ಒಂದು ಜೊತೆ ಮೊರ ತೆಗೆದು ಅವನ ಮುಂದಿಟ್ಟಳು.

"ತಕ್ಕೋ. ಅಕ್ಕಿ ಬೇಳೆ ಆ ಅಂಗಡೀಲಿ ಸಿಕ್ತದೆ, ಬಳೆ ಇಲ್ಲೇ ಪಕ್ಕದಲ್ಲಿ. ನಾನೇ ತುಂಬಿಕೊಡ್ತೀನಿ, ನಿಂಗೆ ಗೊತ್ತಾಗಕಿಲ್ಲ."

"ಬೇಡವ್ವ. ಅದು ಅವ್ವನ ಕೈದು. ಅಂಗಡಿ ಬಾಗಿನ ಕೊಟ್ರೆ ತವರಿನದು ಅನ್ನಿಸಿಕೊಳ್ಳಲ್ಲ."

"ಅಯ್ಯೋ ಪೆದ್ದಣ್ಣ! ತಂಗಿ ಮೊರ ನೋಡ್ತಾಳಾ, ಮೊಕ ನೋಡ್ತಾಳಾ?"

"ನಮ್ಮ ಮನೆತನದಲ್ಲಿ ಹಾಗೆಲ್ಲ..."

"ಓಹೋ, ಮನೆತನ!" ಅಂದಳು ಜವರಮ್ಮ, ಮೊರ ಹಿಂದಕ್ಕೆ ಎಳೆದುಕೊಂಡು. "ಹಂಗಾರೆ ತಂಗಿ ಬೇಡ, ಮನೆತನಾನೇ ಇಟ್ಕೊ. ದಾರಿ ಬುಡು, ಗಿರಾಕಿ ಬತ್ತಾವ್ರೆ."

ಆ ಮಾತು ಮುಳ್ಳಿನಂತೆ ಚುಚ್ಚಿತು, ಆದರೂ ಕಾಲು ತಾನಾಗಿ ಮಂಗಳಾ ಇದ್ದ ಒಂಟಿಕೊಪ್ಪಲಿನ ಕಡೆಗೇ ನಡೆಯಿತು. ಮನೆಯ ಗುರುತು ಚಿಕ್ಕಮಗಳೂರಿನ ಅಂಗಡಿ ಓಂಕಾರಮೂರ್ತಿ ಹಿಂದೆಯೇ ಹೇಳಿದ್ದ. ನೆಂಟರ ಪೈಕಿ ಮಂಗಳೆಯ ಮನೆಗೆ ಹೋಗಿಬಂದವನು ಅವನೊಬ್ಬನೇ. "ದೇವಸ್ಥಾನದ ಹಿಂದಿನ ಬೀದಿ. ಕಾಂಪೌಂಡಿನೊಳಗೆ ಕಾಫಿ ಗಿಡ ಇದೆ ಮಾರಾಯ, ಮೈಸೂರಲ್ಲಿ ಕಾಫಿ ಗಿಡ! ಬೇರೆ ಯಾರು ನೆಡ್ತಾರೆ?"

ನಿಜ. ಬೀದಿಯ ಕೊನೆಯಲ್ಲಿ, ಬೇವಿನ ಮರದ ನೆರಳಿನಲ್ಲಿ ಅದು ನಿಂತಿತ್ತು. ಆಳೆತ್ತರ ಮೀರಿ ಬೆಳೆದು, ಒಂದು ರೆಂಬೆಯನ್ನು ಕಾಂಪೌಂಡಿನ ಹೊರಗೆ ಚಾಚಿತ್ತು. ಮೈತುಂಬ ಫಸಲಿನ ಸತ್ವ ಹೀರುವ ಬೇಡದ ಚಿಗುರು. ಮನೆಯ ಬಾಗಿಲು ಹಾರುಹೊಡೆದಿತ್ತು. ಹೊಸಿಲಿಗೆ ಅರಿಶಿನ, ಮಾವಿನ ತೋರಣ, ಒಳಗೆ ದೀಪ. ಪರಮೇಶ್ವರಪ್ಪ ಗೇಟಿನ ಹತ್ತಿರ ಹೋದ. ಕೈ ಅಗುಳಿಯವರೆಗೂ ಹೋಯಿತು. ಬರಿಗೈ. ಈ ಕೈಯಲ್ಲಿ ಈಗ ಏನಿದೆ? ಅವ್ವ ಇಲ್ಲ ಅನ್ನುವ ಸುದ್ದಿಯೊಂದೇ. ಗೌರಿ ಹಬ್ಬದ ದೀಪದ ಮುಂದೆ, ಹೊಸ ಸೀರೆಯುಟ್ಟು ನಿಂತ ತಂಗಿಯ ಉಡಿಗೆ ಅದನ್ನು ಹಾಕುವುದೇ? ಗಂಟಿದ್ದರೆ ಅದು ತಾನೇ ಮಾತಾಡುತ್ತಿತ್ತು. ಮೊದಲು ಅವ್ವನ ಪ್ರೀತಿ ಹೇಳಿ, ಆಮೇಲೆ ಅವಳ ಸಾವು ಹೇಳುತ್ತಿತ್ತು.

ಕೈ ಅಗುಳಿ ಬಿಟ್ಟು ಪಕ್ಕದ ರೆಂಬೆಗೆ ಹೋಯಿತು. ತನಗೇ ತಿಳಿಯದೆ ಬೇಡದ ಚಿಗುರನ್ನು ಮುರಿಯತೊಡಗಿದ. ಒಂದು, ಇನ್ನೊಂದು. ಮಂಗಳಾ ಏಳು ವರ್ಷದವಳಿದ್ದಾಗ ಚಿಗುರು ಮುರಿಯುವುದನ್ನು ಕಲಿಸಿದವನು ಅವನೇ. ಈ ಗಿಡದಲ್ಲಿ ಅವಳು ಒಂದನ್ನೂ ಮುರಿದಿರಲಿಲ್ಲ.

"ತಾತ, ಏನ್ ಮಾಡ್ತಿದೀರ? ಅದು ಅಮ್ಮನ ಗಿಡ!"

ಒಳಗಿಂದ ಒಬ್ಬಳು ಹುಡುಗಿ ಓಡಿಬಂದಳು. ಹದಿನಾರರ ಪ್ರಾಯ, ಹಸಿರು ಲಂಗ ದಾವಣಿ. ಹುಬ್ಬು ಗಿರಿಜಾಂಬಾಳದು, ನಡುವೆ ಕೂಡಿದ ಹುಬ್ಬು. ಪರಮೇಶ್ವರಪ್ಪ ಮುರಿದ ಚಿಗುರುಗಳನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡ.

"ತಪ್ಪಾಯ್ತು ಮಗಾ. ನೋಡಿದೆ, ಕೈ ತಡೀಲಿಲ್ಲ."

"ಅಮ್ಮ ಯಾರಿಗೂ ಮುಟ್ಟೋಕೆ ಬಿಡಲ್ಲ. ತಾನೂ ಕತ್ತರಿಸಲ್ಲ. ಅದಕ್ಕೆ ಎಷ್ಟು ಬೇಕೋ ಅಷ್ಟು ಬೆಳೀಲಿ ಅಂತಾರೆ." ಹುಡುಗಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಧೂಳು ಹಿಡಿದ ಪಂಚೆ, ಬರಿಗೈ, ಬತ್ತಿದ ಮುಖ. "ಯಾರ ಮನೆ ಹುಡುಕ್ತಿದೀರ?"

"ಯಾರದೂ ಇಲ್ಲ. ಬಾಗಿಲು ತೆಗೆದೇ ಇದೆಯಲ್ಲ, ಕಳ್ಳಕಾಕರು ಬಂದಾರು."

"ಗೌರಿ ಹಬ್ಬದ ದಿನ ನಮ್ಮನೆ ಬಾಗಿಲು ಹಾಕಲ್ಲ. ಬೆಳಗ್ಗೆಯಿಂದ ರಾತ್ರಿ ಮಲಗೋವರೆಗೂ ಹೀಗೇ. ಯಾಕಮ್ಮ ಅಂದ್ರೆ ಸುಮ್ನೆ ಅಂತಾರೆ."

ಒಳಗಿಂದ ಧ್ವನಿ ಬಂತು. "ಯಾರೇ ಕವನಾ, ಹೊರಗೆ?"

ಅದು ಮಂಗಳೆಯ ಧ್ವನಿ. ವಯಸ್ಸು ಬೆರೆತು ಥೇಟ್ ಅವ್ವನದೇ ಆಗಿತ್ತು. ಪರಮೇಶ್ವರಪ್ಪ ಗೇಟಿನ ಕಂಬಿ ಹಿಡಿದುಕೊಂಡ.

"ಯಾರೋ ತಾತ ಅಮ್ಮಾ! ದಾರಿ ತಪ್ಪಿದಾರೆ ಅನ್ಸುತ್ತೆ."

"ನೀರು ಬೇಕಾ ಕೇಳು. ನನ್ನ ಕೈಯೆಲ್ಲ ಹೂರಣ, ಇಲ್ದಿದ್ರೆ ನಾನೇ ಬರ್ತಿದ್ದೆ. ಮಳೆ ಬರೋ ಹಾಗಿದೆ, ಒಂದು ಕೊಡೆ ಕೊಟ್ಟು ಕಳಿಸು."

ನಾಲ್ಕು ಹನಿ ಆಗಲೇ ಬಿದ್ದಿದ್ದವು. ಹುಡುಗಿ ಒಳಗೋಡಿದಳು. ಆ ಗಳಿಗೆ ಅವನಿಗೆ ಸಿಕ್ಕಿದ್ದ ಗಳಿಗೆ. ಮುಂದೆ ಗಿರಿಯಲ್ಲಿ ಮಳೆ ಹಿಡಿದಾಗಲೆಲ್ಲ ಅವನು ಮನಸ್ಸಿನಲ್ಲೇ ಆ ಗೇಟಿನ ಮುಂದೆ ಮತ್ತೆ ಹೋಗಿ ನಿಲ್ಲುತ್ತಿದ್ದ. 'ಮಂಗಳಾ' ಅಂತ ಒಂದು ಸಲ ಕೂಗಿದ್ದರೆ ಆಗುತ್ತಿತ್ತು ಅಂತ ಸರೋಜಮ್ಮನ ಹತ್ತಿರ ಹೇಳಿ ತಲೆ ತಗ್ಗಿಸುತ್ತಿದ್ದ. ಅವಳು ಹೂರಣದ ಕೈಯಲ್ಲೇ ಓಡಿಬರುತ್ತಿದ್ದಳು, ಮೊರ ಎಲ್ಲಿ ಅಂತ ಕೇಳುತ್ತಿರಲಿಲ್ಲ ಅನ್ನುತ್ತಿದ್ದ. ಆದರೆ ಅಂದು ಗಂಟಲಿನಲ್ಲಿ ಅಪ್ಪನ ಗೂಟ, ಅಜ್ಜನ ಹೆಸರು, ತನ್ನ ನಾಚಿಕೆ ಎಲ್ಲ ಒಟ್ಟಿಗೆ ಸಿಕ್ಕಿಕೊಂಡಿದ್ದವು. ಬರುವ ವರ್ಷ ಬಾಗಿನ ತಂದೇ ಬರುತ್ತೇನೆ ಅಂದಿತು ಮನಸ್ಸು. ಅದನ್ನು ಕಟ್ಟಿಕೊಡಲು ಇನ್ನು ಯಾರಿದ್ದಾರೆ ಅಂತ ಅದಕ್ಕೆ ಹೊಳೆಯಲಿಲ್ಲ.

ಕವನಾ ಕಪ್ಪು ಕೊಡೆಯೊಂದನ್ನು ಬಿಚ್ಚಿಕೊಂಡೇ ಬಂದು, ಗೇಟಿನ ಮೇಲಿಂದ ಅವನ ತಲೆಗೆ ಹಿಡಿದಳು.

"ತಗೊಳ್ಳಿ ತಾತ. ನಾಳೆಯೋ ನಾಡಿದ್ದೋ ತಂದುಕೊಟ್ರೆ ಆಯ್ತು. ಅಮ್ಮ ಇರ್ತಾರೆ, ಕಾಫಿ ಕುಡ್ಕೊಂಡು ಹೋಗಬಹುದು."

ಪರಮೇಶ್ವರಪ್ಪ ಕೊಡೆಯ ಹಿಡಿಯನ್ನು ನೋಡಿದ, ಅದನ್ನು ಹಿಡಿದ ಕೈಯನ್ನು ನೋಡಿದ, ತೆರೆದ ಬಾಗಿಲನ್ನು ನೋಡಿದ. ಒಂದು ಹೆಜ್ಜೆ ಹಿಂದೆ ಸರಿದು ಮಳೆಗೆ ತಲೆ ಕೊಟ್ಟ.

"ಬೇಡ ಮಗಾ. ಕೊಡೆ ಒಯ್ದ್ರೆ ವಾಪಸ್ ತಂದುಕೊಡೋಕೆ ನಾನೇ ಬರಬೇಕಾಗ್ತದೆ."